ಮಾಗಿದ ಗಾಯದಲ್ಲಿ ಮತ್ತೆ ಕೀವು: ಕ್ಷಯಾಣುವಿನ ದಾಯಾದಿಗಳ ಕಾಟ

ಲ್ಯಾಪರೋಸ್ಕೋಪಿ ಮೂಲಕ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರೋಗಿ ಒಂದೆರಡು ದಿನದಲ್ಲೇ ಮನೆ ಸೇರುತ್ತಾನೆ. ಪುಟ್ಟ ಗಾಯಗಳು ಮಾಗುತ್ತವೆ. ತಿಂಗಳು ಕಳೆದ ಬಳಿಕ ಹೊಕ್ಕುಳಿನ ಬಳಿ ಗಂಟೊಂದು ಎದ್ದು, ಒಡೆದು, ನೀರಾದ ಕೀವು ಸೋರತೊಡಗುತ್ತದೆ. ಸಾಮಾನ್ಯವಾಗಿ ಜ್ವರವಿರುವುದಿಲ್ಲ. ಆಂಟಿಬಯೋಟಿಕ್ ಬದಲಿಸುತ್ತಾ ಹೋದರೂ ಗಾಯ ಒಣಗದು.

ಇಂತಹ ಸಂದರ್ಭದಲ್ಲಿ ವೈದ್ಯರು ಶಂಕಿಸಬೇಕಾದುದು ಕ್ಷಯಾಣುವಿನ ದಾಯಾದಿಗಳಾದ ಮೈಕೋಬ್ಯಾಕ್ಟೀರಿಯಂ ಚೆಲೋನೆ, ಫಾರ್ಚುಯಿಟಮ್ ಹಾಗೂ ಅಬ್ಸೆಸಸ್‌ಗಳನ್ನು. ಮಣ್ಣು ಮತ್ತು ನಲ್ಲಿನೀರು ಇವುಗಳ ನೆಲೆ. ಲ್ಯಾಪರೋಸ್ಕೋಪಿಯ ಕೆಲವು ಸಲಕರಣೆಗಳು ಆಟೋಕ್ಲೇವ್‌ನ ಶಾಖ ತಾಳುವುದಿಲ್ಲ. ಹೀಗಾಗಿ ಅವನ್ನು ಶೇ. 2ರ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಅದ್ದಿಡುವ ರೂಢಿಯಿದೆ. ಪೂರ್ಣ ಕ್ರಿಮಿನಾಶಕ್ಕೆ ಹಲವು ಗಂಟೆಗಳೇ ಬೇಕು. ಸರದಿಯಲ್ಲಿ ರೋಗಿಗಳಿರುವಾಗ ಸಿಗುವುದು ಇಪ್ಪತ್ತು ನಿಮಿಷ! ಅದರ ಮೇಲೆ ನಲ್ಲಿನೀರಿನಲ್ಲಿ ತೊಳೆದರೆ ರೋಗಾಣುವಿಗೆ ತಾವೇ ದಾರಿ ಮಾಡಿಕೊಟ್ಟಂತೆ.

ಪತ್ತೆಹಚ್ಚುವುದೇ ಕಠಿಣ. ಸಾಧಾರಣ ಕೀವು ಪರೀಕ್ಷೆ ಎರಡು ದಿನಕ್ಕೆ ಮುಗಿದು, 'ಏನೂ ಬೆಳೆದಿಲ್ಲ' ಎಂಬ ವರದಿ ಬರುತ್ತದೆ. ಈ ಜೀವಿಗಳು ಕಾಣಿಸಿಕೊಳ್ಳಲು ವಾರದಷ್ಟು ಕಾಲಾವಕಾಶ ಬೇಕು. ಆದ್ದರಿಂದ ಜೀಲ್-ನೀಲ್ಸನ್ ಪರೀಕ್ಷೆ ಹಾಗೂ ಮೈಕೋಬ್ಯಾಕ್ಟೀರಿಯಾ ಕಲ್ಚರ್ ಬೇಕೆಂದು ವೈದ್ಯರು ಚೀಟಿಯಲ್ಲೇ ಬರೆದು ಕಳುಹಿಸಬೇಕು.

ಪರೀಕ್ಷೆಯಲ್ಲಿ ಕೆಂಪು ಕಡ್ಡಿಯಾಕಾರದ ಜೀವಿಗಳು ಕಂಡೊಡನೆ ಕ್ಷಯದ ಮಾತ್ರೆ ಆರಂಭಿಸುವುದು ಮತ್ತೊಂದು ಪ್ರಮಾದ. ಆ ಮಾತ್ರೆಗಳಿಗೆ ಇವು ಬಹುತೇಕ ಜಗ್ಗುವುದಿಲ್ಲ. ಯಾವ ಔಷಧಿಗೆ ಮಣಿಯುತ್ತವೆಂದು ಪ್ರಯೋಗಾಲಯದಲ್ಲಿ ತಿಳಿದ ಮೇಲೆ ಕ್ಲಾರಿಥ್ರೋಮೈಸಿನ್, ಅಮಿಕಾಸಿನ್ ಮುಂತಾದವನ್ನು ಜೊತೆಗೂಡಿಸಿ ತಿಂಗಳುಗಟ್ಟಲೆ ನೀಡಲಾಗುತ್ತದೆ. ಅಮಿಕಾಸಿನ್ ಪಡೆಯುವವರ ಮೂತ್ರಪಿಂಡ, ಶ್ರವಣಶಕ್ತಿಗಳ ಮೇಲೆ ನಿಗಾ ಅನಿವಾರ್ಯ. ಆಳದಲ್ಲಿ ಗಂಟು ಉಳಿದಿದ್ದರೆ ಅದನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.