ಗಾಡಿಯ ಮೂಗು ತಗ್ಗಿದಾಗ

ಜಟಕಾದಲ್ಲಿ ಪ್ರಯಾಣ ಮಾಡಿದ ಹಿರಿಯರು ನಮ್ಮಲ್ಲಿ ಇನ್ನೂ ಕೆಲವರಿದ್ದಾರೆ. ಹೊರಡುವ ಮುನ್ನ ಗಾಡಿಯವನು ಹಿಂದಿರುಗಿ ನೋಡಿ, "ಸ್ವಾಮೀ, ಸ್ವಲ್ಪ ಮುಂದಕ್ಕೆ ಬನ್ನಿ" ಎನ್ನುತ್ತಿದ್ದುದು ಅವರಿಗೆ ನೆನಪಿರಬಹುದು. ಹಿಂದೆ ಭಾರ ಹೆಚ್ಚಾದರೆ ಗಾಡಿಯ ಮುಂಭಾಗ ಮೇಲೇಳುತ್ತದೆ. ಮುಂದೆ ಹೆಚ್ಚಾದರೆ ಭಾರವು ಕುದುರೆಯ ಬೆನ್ನಿನ ಮೇಲೆ ಬೀಳುತ್ತದೆ. ಆ ಗಾಡಿಯವನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೂ ಗಾಡಿಯ ಮಟ್ಟವನ್ನು ನೋಡತಕ್ಕುದು ಜನ ಹತ್ತಿದ ಮೇಲೆಯೇ ಹೊರತು ಬರಿದಾದ ಗಾಡಿಯಲ್ಲಲ್ಲ ಎಂಬುದನ್ನು ಅವನು ಚೆನ್ನಾಗಿ ಅರಿತಿದ್ದನು.

ಈ ಸಣ್ಣ ಸತ್ಯವನ್ನು ಮರೆತುದರಿಂದ ನಮ್ಮ ಪರಿಚಿತರೊಬ್ಬರು ಪಟ್ಟ ಪಾಡನ್ನು ಇಲ್ಲಿ ಹೇಳಬೇಕಾಗಿದೆ. ಅವರಂತೆಯೇ ಸಾಮಾನಿನ ಗಾಡಿಯನ್ನು ನಂಬಿ ಬದುಕುವವರೂ, ನಾಳೆ ಒಂದನ್ನು ಕೊಳ್ಳಬೇಕೆಂದು ಹಣ ಕೂಡಿಡುತ್ತಿರುವವರೂ ನಮ್ಮ ಓದುಗರಲ್ಲಿ ಇರುವರೆಂದು ನಾವು ಬಲ್ಲೆವು.

ಅವರು ಕುಂದಾಪುರದ ಕಡೆಯವರು. ಚೆನ್ನೈಗೆ ಬಂದು ಹೋಟೆಲಿನಲ್ಲಿ ಕ್ಲೀನರಾಗಿ ಸೇರಿ, ಸಪ್ಲೈಯರಾಗಿ, ಕೊನೆಗೆ ಉಗ್ರಾಣದ ಜವಾಬ್ದಾರಿಯನ್ನು ಹೊತ್ತವರು. ಕೋಯಂಬೇಡಿನ ಮಾರುಕಟ್ಟೆಗೆ ನಿತ್ಯವೂ ಹೋಗಿ ಬಂದು ತರಕಾರಿಯ ವ್ಯಾಪಾರದ ಮರ್ಮ ಅವರಿಗೆ ತಿಳಿದಿತ್ತು. 1996ರಲ್ಲಿ ಕೋಯಂಬೇಡಿನ ಮಾರುಕಟ್ಟೆ ಆರಂಭವಾಗುವುದಕ್ಕೆ ಮೊದಲು ಈ ಸಗಟು ವ್ಯಾಪಾರವೆಲ್ಲ ಜಾರ್ಜ್ ಟೌನಿನ ಕೊತ್ತವಾಲ್ ಚಾವಡಿಯಲ್ಲಿ ನಡೆಯುತ್ತಿತ್ತು. ಮಾರುಕಟ್ಟೆ ದೂರವಾದಂತೆ ಗಾಡಿಯ ಅವಶ್ಯಕತೆಯೂ ಹೆಚ್ಚಿತು. 2005ರಲ್ಲಿ ಟಾಟಾ ಏಸ್, 2011ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಹೊರಬಂದ ಮೇಲೆ ಸಣ್ಣ ಬಂಡವಾಳದವನೂ ಗಾಡಿಯ ಯಜಮಾನನಾಗುವ ಕನಸು ಕಾಣುವಂತಾಯಿತು. ನಮ್ಮ ಪರಿಚಿತರು ಚೀಟಿಯ ಹಣವನ್ನೂ ಹೆಂಡತಿಯ ಬಳೆಯ ಮೇಲಿನ ಸಾಲವನ್ನೂ ಸೇರಿಸಿ, ಬೇರೊಂದು ಕಂಪೆನಿಯ ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡರು. ಮೂರು ಹೋಟೆಲುಗಳಿಗೆ ತರಕಾರಿ ಒದಗಿಸುವ ಒಪ್ಪಂದವೂ ಆಯಿತು.

ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಬರಿದಾಗಿ ನಿಂತಾಗ ಮೂಗು ತಗ್ಗಿ, ಹಿಂಭಾಗ ಎತ್ತರವಾಗಿ, ಬಾವಿಗೆ ಬಗ್ಗಿ ನೋಡುವವನಂತೆ ಕಾಣುತ್ತಿತ್ತು. ನೋಡಿದವರೆಲ್ಲ ಆಡಿಕೊಂಡರು. ಅವರು ಒಂದು ಕಾರ್ಯಾಗಾರಕ್ಕೆ ಹೋದರು. ಅಲ್ಲಿನವರು ಗಾಡಿಯ ಅಡಿಗೆ ನುಸುಳಿ, ಎರಡು ಬೋಲ್ಟುಗಳನ್ನು ಬಿಗಿದು, ಕಾಲು ಗಂಟೆಯಲ್ಲಿ ಮೂಗನ್ನು ಮೇಲೆತ್ತಿ ಕೊಟ್ಟರು. ಗಾಡಿ ಅಂದವಾಗಿ ಕಂಡಿತು. ಆರು ವಾರ ಕಳೆಯುವಷ್ಟರಲ್ಲಿ ಮುಂದಿನ ಎರಡು ಟಯರುಗಳೂ ಒಂದೊಂದು ಅಂಚಿನಲ್ಲಿ ನೂಲು ಕಾಣುವಷ್ಟು ಸವೆದಿದ್ದವು. ಸಾಮಾನು ತುಂಬಿದರೆ ಮೂಗು ಆಕಾಶ ನೋಡುತ್ತಿತ್ತು. ಸ್ಟಿಯರಿಂಗ್ ಹಗುರವಾಗಿ ಗಾಡಿ ಅತ್ತಿತ್ತ ಓಲಾಡುತ್ತಿತ್ತು. ಎದುರಿನವರು ಕಣ್ಣಿಗೆ ದೀಪ ಹೊಡೆಯಿತೆಂದು ಬೈಯುತ್ತಿದ್ದರು. ಒಂದು ಮಳೆಯ ಬೆಳಗಿನ ಜಾವ ಗಾಡಿ ಜಾರಿ ರಸ್ತೆಯ ನಡುವಿನ ಗೋಡೆಗೆ ತಾಗುವುದು ಗೇಣಿನಲ್ಲಿ ತಪ್ಪಿತು. ಅಂದು ಅವರು ನಮ್ಮಲ್ಲಿಗೆ ಬಂದು ಕುಳಿತಾಗ ಕೈ ಇನ್ನೂ ನಡುಗುತ್ತಿತ್ತು.

ನಾವು ಅವರೊಡನೆ ಪುದುಪೇಟೆಗೆ ಹೋದೆವು. ಕೂವಂ ನದಿಯ ಬದಿಯ ಆ ಪೇಟೆಯಲ್ಲಿ ಹಳೆಯ ಗಾಡಿಗಳ ಬಿಡಿಭಾಗಗಳು ರಾಶಿಬಿದ್ದಿರುವುದನ್ನು ಕಾಣದವರಿಲ್ಲ. ಅಲ್ಲಿ ಒಬ್ಬ ವೃದ್ಧ ಮೆಕ್ಯಾನಿಕರು ಗಾಡಿಯನ್ನು ಮುಟ್ಟುವ ಮೊದಲು ಕೇಳಿದ ಪ್ರಶ್ನೆ ಒಂದೇ: "ಇದರಲ್ಲಿ ನಿತ್ಯ ಎಷ್ಟು ಭಾರ ಹೇರುತ್ತೀರಿ?" ಮೊದಲಿನವರು ಕೇಳದೆ ಬಿಟ್ಟ ಪ್ರಶ್ನೆ ಅದೇ ಆಗಿತ್ತು.

ಸಾಮಾನಿನ ಗಾಡಿಯ ಹಿಂಭಾಗದ ಕಮಾನು ಪಟ್ಟಿಗಳನ್ನು ಭಾರ ಹೊರುವುದಕ್ಕಾಗಿಯೇ ಮಾಡಿರುತ್ತಾರೆ. ಭಾರವಿಲ್ಲದಾಗ ಅವು ಎತ್ತರವಾಗಿ ನಿಲ್ಲುವುದು ದೋಷವಲ್ಲ, ಗುಣ. ಮೂಟೆಗಳು ಏರಿದಂತೆ ಹಿಂಭಾಗ ಇಳಿದು ಗಾಡಿ ಮಟ್ಟಕ್ಕೆ ಬರುತ್ತದೆ. ಬರಿದಾದ ಗಾಡಿಯನ್ನು ಮಟ್ಟಮಾಡಿದರೆ ತುಂಬಿದ ಗಾಡಿ ಮಟ್ಟ ತಪ್ಪುತ್ತದೆ.

ಹಾಗಾದರೆ ಆ ಬೋಲ್ಟುಗಳು ಇರುವುದೇಕೆ? ಈ ಗಾಡಿಯ ಮುಂಭಾಗದಲ್ಲಿ ಇದ್ದುದು ಟಾರ್ಷನ್ ಬಾರ್, ಎಂದರೆ ತಿರುಚಿಕೊಳ್ಳುವ ಉಕ್ಕಿನ ಸರಳು. ಒಗೆದ ಬಟ್ಟೆಯನ್ನು ಒಬ್ಬನು ಬಿಗಿಯಾಗಿ ಹಿಡಿದಿರಲು ಇನ್ನೊಬ್ಬನು ಹಿಂಡುವನಷ್ಟೆ. ಕೈ ಸಡಿಲಿಸಿದೊಡನೆ ಬಟ್ಟೆ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಅದರಂತೆ ಸರಳಿನ ಒಂದು ತುದಿ ಚಕ್ರದ ತೋಳಿಗೂ, ಇನ್ನೊಂದು ತುದಿ ಒಂದು ಸನ್ನೆಯ ಮೂಲಕ ಚೌಕಟ್ಟಿಗೂ ಸೇರಿರುತ್ತದೆ. ಚಕ್ರ ಮೇಲೆದ್ದಾಗ ಸರಳು ತಿರುಚಿಕೊಂಡು, ಮತ್ತೆ ಬಿಚ್ಚಿಕೊಳ್ಳುತ್ತದೆ. ಇದು ನಮಗೆ ಹೊಸತೇನೂ ಅಲ್ಲ. ಆಲೆಕ್ ಇಸಿಗೋನಿಸ್ ಎಂಬ ಶಿಲ್ಪಿ 1948ರ ಮಾರಿಸ್ ಮೈನರ್ ಕಾರಿಗೆ ಇದನ್ನೇ ಅಳವಡಿಸಿದ್ದನು. 2014ರಲ್ಲಿ ತಯಾರಿಕೆ ನಿಂತ ನಮ್ಮ ಅಂಬಾಸಡರ್ ಕಾರಿನ ಹಳೆಯ ಮಾದರಿಗಳಲ್ಲಿಯೂ ಇದೇ ಏರ್ಪಾಡು ಇದ್ದಿತು.

ವರ್ಷಗಳು ಕಳೆದಂತೆ ಸರಳು ಸ್ವಲ್ಪ ಸೋಲುತ್ತದೆ, ರಬ್ಬರಿನ ಬುಷ್‌ಗಳು ಸವೆಯುತ್ತವೆ, ಒಂದು ಪಕ್ಕ ಇನ್ನೊಂದಕ್ಕಿಂತ ತಗ್ಗುತ್ತದೆ. ಅದನ್ನು ಸರಿಪಡಿಸಲೆಂದೇ ಸನ್ನೆಯ ಬಳಿ ಆ ಬೋಲ್ಟನ್ನು ಇಟ್ಟಿರುವುದು. ಅದನ್ನು ಬಿಗಿದರೆ ಸರಳಿಗೆ ಹೊಸ ಬಲ ಬರುವುದೆಂದು ಹಲವರು ನಂಬಿದ್ದಾರೆ. ಅದು ತಪ್ಪು. ಸರಳಿನ ಬಲ ಅದರ ಉದ್ದ, ದಪ್ಪ, ಉಕ್ಕಿನ ಗುಣ ಇವುಗಳಿಂದ ಬಂದುದು. ಬೋಲ್ಟು ಬದಲಿಸುವುದು ಗಾಡಿ ನಿಲ್ಲುವ ಎತ್ತರವನ್ನು ಮಾತ್ರ. ಹೋಟೆಲಿನ ಮೇಜಿನ ಕಾಲಿಗೆ ರಟ್ಟು ಮಡಚಿಟ್ಟರೆ ಮೇಜು ಎತ್ತರವಾಗುವುದೇ ಹೊರತು ಗಟ್ಟಿಯಾಗುವುದಿಲ್ಲ.

ವೃದ್ಧರು ಕೆಲಸ ಮಾಡಿದ ಕ್ರಮವನ್ನು ನಾವು ನಿಂತು ನೋಡಿದೆವು. ನಾಲ್ಕು ಟಯರುಗಳ ಗಾಳಿಯನ್ನೂ ಸರಿಮಾಡಿ, ಸಮವಾದ ನೆಲದ ಮೇಲೆ ಗಾಡಿಯನ್ನು ನಿಲ್ಲಿಸಿದರು. ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಎಡ ಬಲಗಳೆರಡನ್ನೂ ಅಳೆದರು. ನಮ್ಮೊಡನೆ ಬಂದಿದ್ದ ಗುಮಾಸ್ತ ಮಿತ್ರರು ಅಂಕಿಗಳನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು. ಬೋಲ್ಟುಗಳು ಇದ್ದ ಸ್ಥಾನಕ್ಕೆ ಬಣ್ಣದ ಗುರುತು ಹಾಕಿದರು. ಅನಂತರ ಚೌಕಟ್ಟಿಗೆ ಜ್ಯಾಕ್ ಕೊಟ್ಟು, ಭದ್ರವಾದ ಆಧಾರಗಳ ಮೇಲೆ ಗಾಡಿಯನ್ನು ನಿಲ್ಲಿಸಿ, ಚಕ್ರಗಳ ಮೇಲಿನ ಭಾರವನ್ನು ತೆಗೆದ ಬಳಿಕವೇ ಬೋಲ್ಟನ್ನು ಮುಟ್ಟಿದರು. ಭಾರ ಕುಳಿತಿರುವಾಗಲೇ ತಿರುಗಿಸಿದರೆ ಮರೆ ಕಿತ್ತುಹೋಗುವ ಭಯವುಂಟು. ಎರಡೂ ಕಡೆ ಅತಿಯಾಗಿ ಬಿಗಿದಿದ್ದುದನ್ನು ಸಡಿಲಿಸಿ, ಪ್ರತಿ ಸುತ್ತನ್ನೂ ಎಣಿಸಿದರು. ಗಾಡಿಯನ್ನು ಇಳಿಸಿ, ನಾಲ್ಕು ಮಾರು ಹಿಂದಕ್ಕೂ ಮುಂದಕ್ಕೂ ತಳ್ಳಿಸಿ, ಮೂಗನ್ನು ಒತ್ತಿ ಕುಪ್ಪಳಿಸಿ, ಮತ್ತೆ ಅಳೆದರು. ಹೀಗೆ ಮಾಡದಿದ್ದರೆ ಚಕ್ರಗಳು ತಮ್ಮ ಸಹಜ ಸ್ಥಾನದಲ್ಲಿ ಕೂರುವುದಿಲ್ಲ. ಅಳತೆ ಸುಳ್ಳು ಹೇಳುತ್ತದೆ.

ಆಗ ನಿಜವಾದ ದೋಷ ಹೊರಬಿತ್ತು. ಬಲಪಕ್ಕ ಎಡಕ್ಕಿಂತ ಎರಡು ಬೆರಳಿನಷ್ಟು ತಗ್ಗಿತ್ತು. ಚಾಲಕ ಕೂರುವ ಪಕ್ಕ ಅದು. ಅಲ್ಲಿನ ಬುಷ್ ಪೂರ್ಣವಾಗಿ ಸವೆದಿತ್ತು. ಅದನ್ನು ಬದಲಿಸಿ, ಬಲಗಡೆ ಮಾತ್ರ ಕೆಲವು ಸುತ್ತು ಬಿಗಿದರು. ಆಮೇಲೆ ನಿತ್ಯದ ಸಾಮಾನಿನಷ್ಟು ಭಾರ ಹೇರಿಸಿ ಅಳೆದಾಗ ಗಾಡಿ ಮಟ್ಟವಾಗಿ ನಿಂತಿತ್ತು. ಅಷ್ಟಕ್ಕೇ ಬಿಡದೆ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ದೀಪಗಳ ನೋಟವನ್ನು ತಗ್ಗಿಸುವಂತೆ ಕಟ್ಟಪ್ಪಣೆ ಮಾಡಿದರು. ಎತ್ತರ ಬದಲಾದಾಗ ಚಕ್ರದ ವಾಲುವಿಕೆಯೂ ದಿಕ್ಕೂ ಬದಲಾಗುತ್ತವೆ. ಟಯರು ಸವೆದುದಕ್ಕೆ ಕಾರಣ ಅದೇ.

ಎಲ್ಲ ಗಾಡಿಗಳಿಗೂ ಈ ಬೋಲ್ಟು ಇರುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಏಸ್, ದೋಸ್ತ್‌ಗಳ ಮುಂಭಾಗದಲ್ಲಿ ಇರುವುದು ಕಮಾನು ಪಟ್ಟಿ. ಅದು ಸೋತರೆ ಹೊಸದನ್ನು ಹಾಕಿಸುವುದೇ ಸರಿಯಾದ ದಾರಿ. ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದರೆ ಉಕ್ಕಿನ ಹದ ಕೆಡುತ್ತದೆ. ಮುಂದಿನ ಅಚ್ಚಿಗೂ ಪಟ್ಟಿಗೂ ನಡುವೆ ಕಬ್ಬಿಣದ ತುಂಡು ಸೇರಿಸಿ ಎತ್ತರ ಮಾಡುವುದಂತೂ ಪ್ರಾಣಾಪಾಯದ ಕೆಲಸ. ಬ್ರೇಕ್ ಒತ್ತಿದಾಗ ಬರುವ ಬಲ ಆ ತುಂಡನ್ನು ಕದಲಿಸಬಲ್ಲುದು. ಇದಲ್ಲದೆ, ತಯಾರಕರು ಗೊತ್ತುಪಡಿಸಿದ ರಚನೆಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ಬೋಲ್ಟನ್ನು ತಯಾರಕರು ಹೇಳಿದ ಮಿತಿಯೊಳಗೆ ಹೊಂದಿಸುವುದು ದುರಸ್ತಿ. ಮಿತಿ ಮೀರಿದರೆ ಅದು ಬೇರೆಯೇ ಮಾತು.

ನಮ್ಮ ಪರಿಚಿತರು ಎರಡು ಹೊಸ ಟಯರುಗಳಿಗೆ ಆ ತಿಂಗಳ ಗಳಿಕೆಯನ್ನು ತೆರಬೇಕಾಯಿತು. ಬಳೆಯನ್ನು ಬಿಡಿಸುವ ದಿನ ಅಷ್ಟು ಮುಂದಕ್ಕೆ ಹೋಯಿತು. ಈಗಲೂ ಅವರ ಗಾಡಿ ಬರಿದಾಗಿ ನಿಂತಾಗ ಮೂಗು ಸ್ವಲ್ಪ ತಗ್ಗಿಯೇ ಇರುತ್ತದೆ. ಯಾರಾದರೂ ಆಡಿಕೊಂಡರೆ ಅವರು ನಕ್ಕು, "ಬೆಳಗಿನ ಜಾವ ನಾಲ್ಕು ಗಂಟೆಗೆ ಕೋಯಂಬೇಡಿಗೆ ಬಂದು ನೋಡಿ" ಎನ್ನುತ್ತಾರೆ. ಗಾಡಿ ಕೊಳ್ಳುವ ನಮ್ಮ ಓದುಗರಿಗೆ ನಾವು ಹೇಳುವುದೂ ಇಷ್ಟೇ: ಮೊದಲು ಭಾರ ಹೇರಿ, ಆಮೇಲೆ ಅಳೆಯಿರಿ, ಅಳೆದ ಮೇಲೆಯೇ ಬೋಲ್ಟನ್ನು ಮುಟ್ಟಿ.