ಶನಿವಾರ ಹೊರಟ ವಿಮಾನ ಸೋಮವಾರ ಇಳಿಯುವುದೇಕೆ?

ಪುರಸೈವಾಕ್ಕಂನ ನಮ್ಮ ವಾಚನಾಲಯಕ್ಕೆ ಬರುವ ಹಿರಿಯರೊಬ್ಬರ ಮಗಳು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ, ಚಳಿಗಾಲದಲ್ಲಿ, ಆಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರವಾಗಿ ಬೆಂಗಳೂರಿಗೆ ಬರುವವಳಿದ್ದಳು. ಶನಿವಾರ ರಾತ್ರಿ 8-30ಕ್ಕೆ ಹೊರಡುವುದು, 17 ಗಂಟೆ 45 ನಿಮಿಷದ ಪ್ರಯಾಣ ಎಂದಷ್ಟೇ ಫೋನಿನಲ್ಲಿ ತಿಳಿಸಿದ್ದಳು. ತಂದೆ ಕೂಡಿ ನೋಡಿದರು. ಭಾನುವಾರ ಮಧ್ಯಾಹ್ನ 2-15 ಎಂದು ಬಂತು. ಅಷ್ಟು ಹೊತ್ತಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ನಿಂತರು. ವಿಮಾನ ಇಳಿದದ್ದು ಸೋಮವಾರ ಬೆಳಗಿನ ಜಾವ 3-45ಕ್ಕೆ. ಭಾನುವಾರದ ರಜೆಯಲ್ಲೇ ಹೋಗಿ ಬರಬಹುದೆಂದಿದ್ದವರಿಗೆ ಸೋಮವಾರದ ಕೂಲಿಯೂ ಹೋಯಿತು.

ಅವರು ಕೂಡಿದ್ದರಲ್ಲಿ ತಪ್ಪಿರಲಿಲ್ಲ. ಬಿಟ್ಟುಹೋದದ್ದು ಒಂದೇ ಬಾಬು. ಅವರು ಕಾದದ್ದು ಸರಿಯಾಗಿ ಹದಿಮೂರೂವರೆ ಗಂಟೆ. ಅದೇ ಆ ಬಾಬು.

ಮೊದಲು ದೂರವನ್ನು ನೋಡೋಣ. ಈ ಎರಡು ನಿಲ್ದಾಣಗಳ ನಡುವೆ ಸುಮಾರು 14,000 ಕಿಲೋಮೀಟರ್. ಗೋಡೆಯ ಭೂಪಟದಲ್ಲಿ ದಾರಿ ಸಮುದ್ರದ ಮೇಲೆ ಅಡ್ಡಲಾಗಿ ಹೋದಂತೆ ತೋರುತ್ತದೆ. ಆದರೆ ಭೂಮಿ ಗುಂಡಗಿದೆ. ಗೋಳದ ಮೇಲೆ ದಾರವನ್ನು ಬಿಗಿಯಾಗಿ ಹಿಡಿದರೆ ಅದು ಉತ್ತರದ ಹಿಮಪ್ರದೇಶಕ್ಕೆ ಏರಿ ಇಳಿಯುತ್ತದೆ. ಏರ್ ಇಂಡಿಯಾದವರ ಮೊದಲ ವಿಮಾನ 2021ರ ಜನವರಿ 9, ಶನಿವಾರ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಉತ್ತರ ಧ್ರುವದ ಮೇಲೆ ಹಾದು, 11ರ ಸೋಮವಾರ ಬೆಂಗಳೂರಿಗೆ ಬಂದಿತು. ಅದನ್ನು ನಡೆಸಿದವರೆಲ್ಲ ಮಹಿಳೆಯರು. ಮುಖ್ಯಸ್ಥೆ ಕ್ಯಾಪ್ಟನ್ ಜೋಯಾ ಅಗರ್ವಾಲ್.

ದೂರವನ್ನು ಗಂಟೆಗಳಿಂದ ಭಾಗಿಸಿದರೆ ಗಂಟೆಗೆ ಸುಮಾರು 800 ಕಿಲೋಮೀಟರ್ ವೇಗ. ಇದೇ ಲೆಕ್ಕದಲ್ಲಿ ಚೆನ್ನೈಯಿಂದ ಬೆಂಗಳೂರಿಗೆ ಅರ್ಧ ಗಂಟೆಯೂ ಬೇಡ. ಆಕಾಶಮಾರ್ಗ 300 ಕಿಲೋಮೀಟರಿಗಿಂತ ಕಡಿಮೆ. ಆದರೂ ವೇಳಾಪಟ್ಟಿಯಲ್ಲಿ ಸುಮಾರು ಒಂದು ಗಂಟೆ ಇರುತ್ತದೆ. ನೆಲದ ಮೇಲೆ ಸಾಗುವುದು, ಮೇಲೇರುವುದು, ನಿಧಾನಿಸಿ ಇಳಿಯುವುದು ಇವೆಲ್ಲಕ್ಕೂ ಹೊತ್ತು ಬೇಕಷ್ಟೆ. ಆದುದರಿಂದ ದೂರವೊಂದರಿಂದಲೇ ವೇಳೆಯನ್ನು ನಿರ್ಣಯಿಸಲಾಗದು.

ಇನ್ನು ಗಡಿಯಾರ. ಭೂಮಿ 24 ಗಂಟೆಗೆ ಒಂದು ಸುತ್ತು ತಿರುಗುವುದರಿಂದ ಪೂರ್ವದವರಿಗೆ ಬೆಳಗು ಮೊದಲು. ಇಂಗ್ಲೆಂಡಿನ ಗ್ರೀನ್‌ವಿಚ್ ಕಾಲಮಾನಕ್ಕಿಂತ ನಾವು ಐದೂವರೆ ಗಂಟೆ ಮುಂದೆ. ಕ್ಯಾಲಿಫೋರ್ನಿಯ ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ. ಎರಡೂ ಕೂಡಿದರೆ ಹದಿಮೂರೂವರೆ. ಬೇಸಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ಹನ್ನೆರಡೂವರೆ. ಹೀಗಾಗಿ ಅಲ್ಲಿ ಶನಿವಾರ ರಾತ್ರಿ 8-30 ಆದಾಗ ಇಲ್ಲಿ ಭಾನುವಾರ ಬೆಳಿಗ್ಗೆ 10. ಅದಕ್ಕೆ 17 ಗಂಟೆ 45 ನಿಮಿಷ ಕೂಡಿಸಿ. ಸೋಮವಾರ 3-45 ತಾನಾಗಿಯೇ ಬರುತ್ತದೆ.

ವಾಚಕ ಬಂಧುಗಳು ಇಷ್ಟು ನೆನಪಿಟ್ಟರೆ ಸಾಕು: ಟಿಕೀಟಿನಲ್ಲಿ ಹೊರಡುವ ವೇಳೆ ಆ ಊರಿನದು, ತಲಪುವ ವೇಳೆ ಈ ಊರಿನದು. ಮಕ್ಕಳನ್ನು ಕೇಳಬೇಕಾದದ್ದು ತಲಪುವ ತಾರೀಕು ಮತ್ತು ಗಂಟೆ. ಸೋಮವಾರ 3-45 ಎಂದಿದ್ದರೆ ಭಾನುವಾರ ರಾತ್ರಿಯೇ ನಿಲ್ದಾಣ ಸೇರಬೇಕು. ರಾತ್ರಿ ಪಾಳಿ ಮಾಡುವ ನಮ್ಮವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.