ಒಡೆದ ಬೆಳ್ಳಿ ತಟ್ಟೆಯ ವಾರಸುದಾರರು

1729ರಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನ ರಿಸ್ಲಿ ಪಾರ್ಕ್‌ನಲ್ಲಿ ಹೊಲ ಉಳುತ್ತಿದ್ದವರ ನೇಗಿಲಿಗೆ ರೋಮನ್ ಕಾಲದ ಬೆಳ್ಳಿ ತಟ್ಟೆಯೊಂದು ತಗುಲಿತು. ಆಯತಾಕಾರದ ದೊಡ್ಡ ತಟ್ಟೆ. ನಡುವೆ ಕಾಡುಹಂದಿ ಬೇಟೆಯ ಉಬ್ಬುಚಿತ್ರ, ಕೆಳಗೆ ಪೀಠ. ಕೂಲಿಯವರು ಅದನ್ನು ಅಲ್ಲೇ ಒಡೆದು ಹಂಚಿಕೊಂಡರು.

ಅದರ ನೆನಪು ಉಳಿದದ್ದು ವಿಲಿಯಂ ಸ್ಟ್ಯೂಕ್ಲಿ ಅವರಿಂದ. ಸ್ಟೋನ್‌ಹೆಂಜ್ ಅಧ್ಯಯನಕ್ಕೆ ಹೆಸರಾದ ಈ ವಿದ್ವಾಂಸರು 1736ರಲ್ಲಿ ತಟ್ಟೆಯ ವಿವರವನ್ನು ಲಂಡನ್ನಿನ ಪುರಾತತ್ವ ಸಂಘದ ಮುಂದಿಟ್ಟರು. ಎಕ್ಸುಪೇರಿಯಸ್ ಎಂಬ ಬಿಷಪ್ ಇದನ್ನು ಚರ್ಚೊಂದಕ್ಕೆ ಕೊಟ್ಟನೆಂಬ ಲ್ಯಾಟಿನ್ ಬರಹವನ್ನೂ ದಾಖಲಿಸಿದರು. ಹಳೆಯ ಒಡೆಯರಲ್ಲಿ ನಮಗೆ ಹೆಸರು ಗೊತ್ತಿರುವುದು ಆ ಬಿಷಪ್‌ನದು ಮಾತ್ರ.

ಎರಡೂವರೆ ಶತಮಾನ ದಾಟಿ, 1990ರ ದಶಕದ ಆರಂಭದಲ್ಲಿ ‘ಅದೇ’ ತಟ್ಟೆ ಮಾರಾಟಕ್ಕೆ ಬಂತು. ಮೂಲ ಚೂರುಗಳಿಂದ ಅಚ್ಚು ತೆಗೆದು ಎರಕ ಹೊಯ್ದ ಹಳೆಯ ಪ್ರತಿ ಇದು ಎಂದು ತಜ್ಞರು ನಂಬಿದರು. 1 ಲಕ್ಷ ಪೌಂಡಿಗೆ ಕೊಂಡವರು ಅದನ್ನು ಬ್ರಿಟಿಷ್ ಮ್ಯೂಸಿಯಂಗೆ ದಾನ ಕೊಟ್ಟರು. ವಾಸ್ತವದಲ್ಲಿ ಅದು ಬೋಲ್ಟನ್ ಪಟ್ಟಣದ ಶಾನ್ ಗ್ರೀನ್‌ಹಾಲ್ಶ್ ಎಂಬ ನಕಲುಗಾರನ ಕೈಕೆಲಸ. ಅಸಲಿ ರೋಮನ್ ನಾಣ್ಯಗಳನ್ನೇ ಕರಗಿಸಿದ್ದರಿಂದ ಬೆಳ್ಳಿ ಅವನ ಗುಟ್ಟು ಬಿಟ್ಟುಕೊಡಲಿಲ್ಲ. ಉಳಿದ ಕೆಲಸವನ್ನು ಸ್ಟ್ಯೂಕ್ಲಿಯವರ ಪ್ರಾಮಾಣಿಕ ದಾಖಲೆಯೇ ಮಾಡಿತು. ಕಳೆದುಹೋದ ವಸ್ತುವಿಗೆ ಇಷ್ಟು ಸ್ಪಷ್ಟ ವಿವರಣೆ ಇರುವಾಗ ಯಾರಾದರೂ ನಂಬುವುದು ಸಹಜ. ಇಡೀ ಪ್ರಕರಣದಲ್ಲಿ ಅತ್ಯಂತ ನೋವಿನ ಸಂಗತಿ ಇದೇ.

ಕೊನೆಗೆ ಗ್ರೀನ್‌ಹಾಲ್ಶ್ ಕುಟುಂಬವನ್ನು ಹಿಡಿದುಕೊಟ್ಟದ್ದು ಬೇರೊಂದು ನಕಲು. 2005ರಲ್ಲಿ ಅವರು ಮಾರಲು ತಂದ ‘ಅಸ್ಸೀರಿಯಾದ’ ಶಿಲಾಫಲಕಗಳ ಬೆಣೆಲಿಪಿಯಲ್ಲಿ ತಪ್ಪು ಕಂಡುಬಂತು. 2007ರಲ್ಲಿ ಶಾನ್‌ಗೆ ನಾಲ್ಕು ವರ್ಷ ಎಂಟು ತಿಂಗಳ ಜೈಲಾಯಿತು. ಮಾರಾಟಕ್ಕೆ ಮುಂದೆ ನಿಲ್ಲುತ್ತಿದ್ದ, ಎಂಬತ್ತು ದಾಟಿದ ತಂದೆಯೂ ತಪ್ಪಿತಸ್ಥನೆಂದು ಸಾಬೀತಾಯಿತು.

ರಿಸ್ಲಿ ಪಾರ್ಕ್ ತಟ್ಟೆಯ ಜಾತಿಯದೇ ಆದ ಇನ್ನೊಂದು ರೋಮನ್ ಬೆಳ್ಳಿ ತಟ್ಟೆ, ಕಾರ್ಬ್ರಿಜ್‌ನದನ್ನು, ಪಕ್ಕಕ್ಕಿಟ್ಟು ನೋಡಬೇಕು. ಸುಮಾರು 50 ಸೆಂಟಿಮೀಟರ್ ಅಗಲದ ಅದರ ಮೇಲೆ ಅಪೊಲೊ, ಅವನ ಅವಳಿ ಸೋದರಿ ಆರ್ಟೆಮಿಸ್, ಅಥೆನಾ ನಿಂತಿದ್ದಾರೆ. 1735ರಲ್ಲಿ ಟೈನ್ ನದಿಯ ದಂಡೆಯಲ್ಲಿ ಅದು ಕಂಡದ್ದು ಒಬ್ಬ ಪುಟ್ಟ ಹುಡುಗಿಗೆ. ನ್ಯೂಕ್ಯಾಸಲ್‌ನ ಅಕ್ಕಸಾಲಿಗ ಕೊಂಡ. ಅದು ತನ್ನ ಜಹಗೀರಿಗೆ ಸೇರಿದ್ದೆಂದು ಸಾಮರ್‌ಸೆಟ್ ಡ್ಯೂಕ್ ಹಕ್ಕು ಸಾಧಿಸಿ ಪಡೆದ. ಮುಂದೆ ನಾರ್ತಂಬರ್ಲೆಂಡ್ ಡ್ಯೂಕ್ ಮನೆತನದಲ್ಲಿದ್ದು, 1993ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿತು. ಡ್ಯೂಕನ ದರ್ಪ ಏನೇ ಇರಲಿ, ತಟ್ಟೆ ಇಡಿಯಾಗಿ ಉಳಿಯಿತು, ಕೈಯಿಂದ ಕೈಗೆ ಹೋದ ಲೆಕ್ಕವೂ ಉಳಿಯಿತು. ಆ ಸರಪಳಿಯೊಳಗೆ ನುಸುಳಲು ಯಾವ ನಕಲುಗಾರನಿಗೂ ಸಂದು ಸಿಗಲಿಲ್ಲ.

ರಿಸ್ಲಿ ಪಾರ್ಕ್‌ನ ನಿಜವಾದ ತಟ್ಟೆಯ ಚೂರುಗಳು ಇನ್ನೂ ಪತ್ತೆಯಾಗಿಲ್ಲ.